ಪರಶುನ ಕೂದಲು, ನನ್ನ ಮುಖ

ಜೂನ್ 3
ಉದುರಿದ್ದು: 71

ಬಾಚಣಿಗೆಯಲ್ಲಿ ನಲವತ್ತು, ದಿಂಬಿನ ಮೇಲೆ ಹತ್ತೊಂಬತ್ತು, ಬಚ್ಚಲಿನ ಜಾಲರಿಯಲ್ಲಿ ಹನ್ನೆರಡು. ಒಂದೊಂದನ್ನೂ ಬಿಳಿ ಕಾಗದದ ಮೇಲಿಟ್ಟು ಎಣಿಸಿದೆ. ಮೂವತ್ತೊಂದು ವರ್ಷದ ಗಂಡಸು ಬೆಳಗ್ಗೆ ಎದ್ದು ಮಾಡುವ ಕೆಲಸವೇ ಇದು?

ಮೊನ್ನೆ ಗದಗಿಗೆ ಹೋಗಿ ಚರ್ಮದ ಡಾಕ್ಟರನ್ನು ಕಂಡು ಬಂದೆ. ಸಿಮ್ರಾನ ಅಂತ ಹೆಸರು, ನನಗಿಂತ ಚಿಕ್ಕವರೇ ಇರಬೇಕು. ನನ್ನ ನೆತ್ತಿಯನ್ನು ಭೂತಗನ್ನಡಿಯಲ್ಲಿ ನೋಡುತ್ತ, "ನಿಮ್ಮ ತಂದಿಯವರಿಗೆ ಹ್ಯಾಂಗ ಅದಾವ?" ಎಂದರು. "ಮೈದಾನ ಆಗೇತ್ರಿ" ಎಂದೆ. ಅವರು ನಗಲಿಲ್ಲ. ವಂಶದಿಂದ ಬಂದದ್ದಂತೆ. ದಿನಕ್ಕೆ ಎರಡು ಸಲ ನೆತ್ತಿಗೆ ಹಚ್ಚುವ ಔಷಧಿ, ಒಂದು ಗುಳಿಗೆ. "ಆರು ತಿಂಗಳು ಬಿಡದಂಗ ಹಚ್ಚರಿ. ಇದ್ದದ್ದು ಉಳದ್ರ ಗೆದ್ದಂಗ. ಹೊಸಾವು ಬಂದ್ರ ಲಾಭ. ತಿಂಗಳಿಗೊಮ್ಮೆ ಅದ ಜಾಗಾ, ಅದ ಬೆಳಕಿನ್ಯಾಗ ಒಂದು ಫೋಟೋ ತಗೀರಿ. ದಿನಾ ಕನ್ನಡಿ ನೋಡಾಕ ಹೋಗಬ್ಯಾಡ್ರಿ" ಎಂದರು. ರೋಣದಲ್ಲಿ ಫೋಟೋ ಸ್ಟುಡಿಯೋ ಇಟ್ಟವನಿಗೆ ಬೆಳಕಿನ ಪಾಠ!

ನನಗಿರುವುದೂ ಸರಿಯಾಗಿ ಆರೇ ತಿಂಗಳು. ಗಜೇಂದ್ರಗಡದಲ್ಲಿ ಸುವರ್ಣಾ ಎಂಬ ಹುಡುಗಿ ಇದ್ದಾಳೆ. ಫೋಟೋ ಹೋಗಿ ಫೋಟೋ ಬಂದಿದೆ, ಎರಡೂ ಮನೆಯವರು ಒಪ್ಪಿದ್ದಾರೆ. ಆದರೆ ಅವರ ಅಜ್ಜಿ ತೀರಿಕೊಂಡಿದ್ದಾರೆ, ವರ್ಷ ತುಂಬುವ ತನಕ ಹೆಣ್ಣು ತೋರಿಸುವುದಿಲ್ಲ ಎಂದಿದ್ದಾರೆ. ಡಿಸೆಂಬರಿಗೆ ವರ್ಷ ತುಂಬುತ್ತದೆ.

ಈ ವಹಿಯನ್ನು ಯಾರೂ ಓದುವುದಿಲ್ಲ, ಆದ್ದರಿಂದ ಬರೆದೇ ಬಿಡುತ್ತೇನೆ. ನಾನು ಕಳಿಸಿದ ಫೋಟೋದಲ್ಲಿರುವ ಮುಖ ನನ್ನದು, ಕೂದಲು ನನ್ನದಲ್ಲ. ಗೆಳೆಯ ಪರಶು ಬಸ್ ಕಂಡಕ್ಟರ್. ಅವನು ಗುರುತಿನ ಚೀಟಿಗೆಂದು ತೆಗೆಸಿಕೊಂಡ ಫೋಟೋ ಕಂಪ್ಯೂಟರಿನಲ್ಲಿತ್ತು. ಬೆಳಕು ಇಬ್ಬರಿಗೂ ಎಡಗಡೆಯಿಂದಲೇ ಬಿದ್ದಿತ್ತು. ಕತ್ತರಿಸಿ ನನ್ನ ತಲೆಗಿಟ್ಟೆ. ಹತ್ತು ನಿಮಿಷದ ಕೆಲಸ. ಎಷ್ಟು ಚಲೋ ಕೂತಿತೆಂದರೆ ನನ್ನನ್ನು ನೋಡಿ ನನಗೇ ಹೊಟ್ಟೆಕಿಚ್ಚಾಯಿತು.

ಜೂನ್ 9
ಉದುರಿದ್ದು: 66

ಮೊದಲನೇ ಫೋಟೋ ತೆಗೆದೆ. ಸ್ಟೂಲು ಇಡುವ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದ್ದೇನೆ. ಬೆನ್ನಿನ ಹಿಂದೆ ಅಪ್ಪನ ಕಾಲದ ಹಳೆಯ ಪರದೆ: ಒಂದು ಕೆರೆ, ಎರಡು ಹಂಸ, ದಂಡೆಗೆ ಕಟ್ಟಿದ ಒಂದು ದೋಣಿ. ರೋಣದ ಸುತ್ತ ಅಂಥ ಕೆರೆಯನ್ನು ಯಾರೂ ನೋಡಿಲ್ಲ. ಆದರೂ ಅರ್ಧ ತಾಲೂಕಿನ ಮಂದಿ ಅದರ ದಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಬಣ್ಣ ಮಾಸಿದೆ. ಮಧ್ಯಾಹ್ನ ಬಾಗಿಲಿನಿಂದ ಬಿಸಿಲು ಬಂದಾಗ ಮಾತ್ರ ನೀರು ಅಲುಗಿದಂತಾಗುತ್ತದೆ.

ತಲೆ ಬಗ್ಗಿಸಿ ಕೂತೆ, ಟೈಮರ್ ಹಚ್ಚಿ ತೆಗೆದೆ. ಕಂಪ್ಯೂಟರಿನಲ್ಲಿ ನೋಡಿದಾಗ ನೆತ್ತಿ ಕಂಡಿತು. ಅಯ್ಯೋ ಶಿವನೇ, ಹಿಂದಿನಿಂದ ನೋಡುವ ಮಂದಿಗೆ ನಾನು ಇಷ್ಟು ದಿನ ಹೀಗೆ ಕಾಣುತ್ತಿದ್ದೆನೇ?

ಅಪ್ಪ ಪ್ರಭುಲಿಂಗಪ್ಪ ಆಗ ಬಾಗಿಲಲ್ಲಿ ಪೇಪರ್ ಓದುತ್ತ ಕೂತಿದ್ದ. ಅವನ ತಲೆ ಬಿಸಿಲಿಗೆ ಹೊಳೆಯುತ್ತಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿದ್ದುತ್ತಿದ್ದ ಕಾಲದವನು. ನನಗೆ ಕೆಲಸ ಕಲಿಸುವಾಗ ಒಂದೇ ನಿಯಮ ಹೇಳಿದ್ದ: "ಹದಿನೈದು ದಿನದಾಗ ತಾನ ಹೋಗೂದನ್ನ ತಗಿ. ಮೊಡವಿ ತಗಿ, ಗಾಯ ತಗಿ. ಮನಷ್ಯಾನ ಜೋಡಿ ಇರೂದನ್ನ ಮುಟ್ಟಬ್ಯಾಡ. ಮಚ್ಚಿ ತಗದ್ರ ಮನಷ್ಯಾನ್ನ ತಗದಂಗ."

ಇಲ್ಲದ್ದನ್ನು ಇಡಬೇಡ ಎಂದು ಅವನು ಹೇಳಿರಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ.

ಜೂನ್ 21, ಕಾರಹುಣ್ಣಿಮೆ
ಉದುರಿದ್ದು: 78

ಅವ್ವ ಬಾಳವ್ವ ನನ್ನನ್ನು ಹಿಡಿದು ಕೂರಿಸಿ ತಲೆಗೆ ಉಳ್ಳಾಗಡ್ಡಿ ರಸ ತಿಕ್ಕಿದಳು. ಔಷಧಿ ಹಚ್ಚುತ್ತಿದ್ದೇನೆ ಬೇಡ ಎಂದರೆ, "ಡಾಕ್ಟರ್ ಮ್ಯಾಲ ನಂಬಿಗಿ ಐತಿ, ಉಳ್ಳಾಗಡ್ಡಿ ಮ್ಯಾಲ ಇಲ್ಲಾ? ನಮ್ಮ ಎರಿ ಹೊಲದಾಗ ಬೆಳದದ್ದೋ ಇದು!" ಎಂದಳು. ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಅಂಗಡಿಗೆ ಬಂದ ಪರಶು ಮೂಗೆತ್ತಿ, "ಯಾರ ಮನಿ ಒಗ್ಗರಣಿಯೋ ಇದು? ಹೊಟ್ಟಿ ಹಸೀತು ನೋಡ್" ಎಂದ. ಅವನ ಹಣೆಯ ಎಡಕ್ಕೆ ಒಂದು ಸುಳಿ ಇದೆ. ಎಷ್ಟು ನೀರು ಹಚ್ಚಿದರೂ ಅಲ್ಲಿ ಒಂದು ಜುಟ್ಟು ಸೆಟೆದು ನಿಲ್ಲುತ್ತದೆ. ಅದನ್ನೇ ನೋಡುತ್ತ ಕೂತೆ. ದೇವರು ಕೆಲವರಿಗೆ ಬೇಡದಷ್ಟು ಕೊಡುತ್ತಾನೆ.

ಜುಲೈ 2
ಉದುರಿದ್ದು: 143

ಹಚ್ಚಿದ ಮೇಲೆ ಇಮ್ಮಡಿ ಉದುರುತ್ತಿವೆ! ಡಾಕ್ಟರಿಗೆ ಫೋನ್ ಮಾಡಿ ಬೈದೆನೋ ಅತ್ತೆನೋ ತಿಳಿಯದು. "ಹಳೇವು ಹೋಗಿ ಹೊಸಾವಕ್ಕ ಜಾಗಾ ಬಿಡ್ತಾವ, ಮೊದಮೊದಲು ಹಿಂಗ ಆಗೂದ. ಬಿಡಬ್ಯಾಡ್ರಿ. ಮತ್ತ, ಎಣಸಬ್ಯಾಡ್ರಿ" ಎಂದರು.

ಎಣಿಸದೆ ಇರುವುದು ಹೇಗೆ?

ಜುಲೈ 5
ಉದುರಿದ್ದು: 131

ಸುವರ್ಣಾ ಫೋನ್ ಮಾಡಿದ್ದಳು. ಮಾತಾಡಿಕೊಳ್ಳಲಿ ಎಂದು ಅವಳ ಅಪ್ಪನೇ ನಂಬರ್ ಕೊಟ್ಟರಂತೆ. ಇಟಗಿಯ ಸಾಲೆಯಲ್ಲಿ ಅತಿಥಿ ಶಿಕ್ಷಕಿ. ಸಂಜೆ ಸಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ಬಸ್ಸಿಗೆ ಕಾಯುತ್ತಾಳೆ.

"ಏನ್ ಮಾಡಾಕತ್ತೀರಿ?" ಎಂದಳು. "ಒಬ್ಬರ ಮದವಿ ಆಲ್ಬಂ" ಎಂದೆ. "ಮದುಮಗಳು ಚಲೋ ಅದಾಳೇನ್ರಿ?" ಎಂದಳು. "ನಾ ತಿದ್ದಿದ ಮ್ಯಾಲ ಚಲೋ ಕಾಣ್ತಾಳ್ರಿ" ಎಂದೆ. ನಕ್ಕಳು. ಅವಳ ನಗು ಒಮ್ಮೆಗೇ ಮುಗಿಯುವುದಿಲ್ಲ. ಮುಗಿಯಿತು ಎನ್ನುವಾಗ ಇನ್ನೊಂದು ಚೂರು ಬರುತ್ತದೆ. ವಿಡಿಯೋ ಕಾಲ್ ಮಾತ್ರ ಬೇಡ, ನೋಡುವುದು ನೋಡುವ ದಿನವೇ ಆಗಲಿ ಎಂದೆ. "ಆಗ್ಲೇಳ್ರಿ" ಎಂದು ತಟ್ಟನೆ ಒಪ್ಪಿದಳು.

ಅಷ್ಟರಲ್ಲಿ ಫೋನಿನಲ್ಲಿ ಬಸ್ಸಿನ ಸದ್ದು, ಸೀಟಿ, ಮೇಲೊಂದು ದನಿ: "ಗಜೇಂದ್ರಗಡ, ಗಜೇಂದ್ರಗಡ! ಲಗೂನ ಹತ್ರಿ ಅಕ್ಕಾರ!"

ಪರಶುನ ದನಿ. ಅವಳು ದಿನಾ ಹತ್ತುವುದು ಪರಶುನ ಬಸ್ಸು. ಇಡೀ ತಾಲೂಕಿನಲ್ಲಿ ಕದಿಯಲು ನನಗೆ ಇದೊಂದೇ ತಲೆ ಸಿಗಬೇಕಿತ್ತೇ?

ಜುಲೈ 14
ಉದುರಿದ್ದು: 96

ಮಧ್ಯಾಹ್ನ ಕರೆಂಟ್ ಇರಲಿಲ್ಲ. ಸ್ಟೂಲಿನ ಮೇಲೆ ಕೂತಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ನನ್ನ ತಲೆ ಕರಿ ಮಣ್ಣಿನ ಎರೆ ಹೊಲವಾಗಿತ್ತು. ಅಪ್ಪ ಕೂರಿಗೆ ಹಿಡಿದು ಹಣೆಯಿಂದ ಹೆಡಕಿನ ತನಕ ಬಿತ್ತುತ್ತಿದ್ದ. ಕಾಳು ಬಿದ್ದಲ್ಲೆಲ್ಲ ತಂಪು. ಹೆಸರುಕಾಳು ಹುಟ್ಟಿ ಎರಡೆರಡು ಎಲೆ ಬಿಟ್ಟಿತ್ತು, ಗಾಳಿ ಬೀಸಿದಾಗ ನೆತ್ತಿಯ ತುಂಬ ಸಣ್ಣ ಸದ್ದು. ಎಚ್ಚರಾದಾಗ ಹೊರಗೆ ಖರೇ ಮಳೆ ಹನಿಯುತ್ತಿತ್ತು, ಪರದೆಯ ಕೆರೆ ನೀರು ಏರಿದಂತೆ ಕಾಣುತ್ತಿತ್ತು. ತಲೆ ಮುಟ್ಟಿ ನೋಡಿಕೊಂಡೆ. ಬೋಳು ಬೋಳೇ. ಆದರೆ ಸಂಜೆಯ ತನಕ ಆ ತಂಪು ಹೋಗಲಿಲ್ಲ.

ಆಗಸ್ಟ್ 9, ನಾಗರಪಂಚಮಿ
ಉದುರಿದ್ದು: 58

ಪರಶು ಒಂದು ಸ್ಟೀಲ್ ಡಬ್ಬಿ ತಂದು ಟೇಬಲ್ ಮೇಲಿಟ್ಟ. "ಇಟಗಿ ಟೀಚರ್ ಕೊಟ್ಟಾರ. ಉಂಡಿ. ನಿನ್ನ ಗೆಳ್ಯಾ ಅಂತ ಹೇಳಿದ್ದಕ್ಕ ನನಗೂ ಎರಡು ಕೊಟ್ರು, ನಿನ್ನ ಹೆಸರ ಹೇಳಿ ನಾನೂ ತಿಂದೆ." ಶೇಂಗಾದ ಉಂಡಿ, ಎಳ್ಳಿನ ಉಂಡಿ, ತಳದಲ್ಲಿ ಎರಡು ತಂಬಿಟ್ಟು.

ಸಂಜೆ ಫೋನಿನಲ್ಲಿ ಉಂಡಿಯನ್ನು ಹೊಗಳಿದೆ. ಜೋಕಾಲಿ ಆಡಿದಿರಾ ಎಂದೆ. ಅಜ್ಜಿ ಇಲ್ಲದ ಮೊದಲ ಪಂಚಮಿ, ಮನೆಯಲ್ಲಿ ಜೋಕಾಲಿ ಕಟ್ಟಲಿಲ್ಲವಂತೆ. ಸಾಲೆಯ ಹುಡುಗಿಯರು ಬೇವಿನ ಗಿಡಕ್ಕೆ ಹಗ್ಗ ಕಟ್ಟಿ ಅವಳನ್ನು ಕೂರಿಸಿ ತೂಗಿದರಂತೆ. ಆಮೇಲೆ ಮೆಲ್ಲಗೆ, "ಒಂದು ಮಾತು ಕೇಳ್ಲೇನ್ರಿ? ನಿಮ್ಮ ಗೆಳ್ಯಾ ಕಂಡಕ್ಟರ್ ಅದಾನಲ್ರಿ, ಅವನ ಕೂದಲಾ ಥೇಟ್ ನಿಮ್ಮಂಗ ಅದಾವ ನೋಡ್ರಿ. ಎಡಕ ಒಂದು ಜುಟ್ಟು ಎದ್ದು ನಿಂತಿರತೈತಿ" ಎಂದಳು.

ನಾನು, "ರೋಣದ ನೀರ್ರಿ" ಎಂದೆ.

ರೋಣದ ನೀರು! ನನ್ನ ನಾಲಿಗೆಗೆ ಬೆಂಕಿ ಹತ್ತಲಿ. ಅವಳು "ಹೌದೇನ್ರಿ" ಎಂದಳು, ಅಷ್ಟೆ. ಮೂರನೇ ಫೋಟೋ ತೆಗೆದೆ. ನೋಡಲಿಲ್ಲ.

ಆಗಸ್ಟ್ 17
ಉದುರಿದ್ದು: 49

ಪೇಟೆಯಲ್ಲಿ ಒಂದು ಟೊಪ್ಪಿಗೆ ಕೊಂಡು ಪರಶುಗೆ ಕೊಟ್ಟೆ. ಬಿಸಿಲಿಗೆ ಒಳ್ಳೆಯದು, ಬಸ್ಸಿನಲ್ಲಿ ದಿನಾ ಹಾಕಿಕೋ ಎಂದೆ. "ಶ್ರಾವಣದ ಮಳಿಯಾಗ ಬಿಸಲೇನೋ?" ಎಂದ. ಹಾಗಾದರೆ ತಲೆ ಬೋಳಿಸಿಕೋ, ತಂಪಾಗುತ್ತದೆ ಎಂದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಲೇ ಭೀಮ್ಯಾ, ನಿನಗ ಹುಚ್ಚ ಹಿಡದೈತೇನ? ನಿನ್ನ ಕೂದಲಾ ಹೋದ್ರ ನಾ ಯಾಕ ಬೋಳಸಬೇಕಲೇ?" ಎಂದ. ಟೊಪ್ಪಿಗೆಯನ್ನು ಡ್ರೈವರಿಗೆ ಕೊಟ್ಟುಬಿಟ್ಟನಂತೆ.

ಸೆಪ್ಟೆಂಬರ್ 9
ಉದುರಿದ್ದು: 40ರ ಹತ್ತಿರ

ನಾಲ್ಕನೇ ಫೋಟೋ. ನೆತ್ತಿಯ ಅಂಚಿನಲ್ಲಿ ಏನೋ ಸಣ್ಣ ಕೂದಲು ಬಂದಂತಿದೆ. ಬೆಳಕಿನ ಆಟವೂ ಇರಬಹುದು.

ಸುವರ್ಣಾಳ ಎರಡನೇ ಇಯತ್ತೆಯಲ್ಲಿ ಒಬ್ಬ ಹುಡುಗಿಯ ಹಲ್ಲು ಬಿದ್ದಿತಂತೆ. ಅಂಗೈಯಲ್ಲಿ ಹಿಡಿದು ತಂದು, "ಟೀಚರ್, ಇದನ್ನ ಹಚ್ಚಿಕೊಡ್ರಿ" ಎಂದು ಅತ್ತಳಂತೆ. ಸುವರ್ಣಾ ತಾನೂ ಬಾಯಿ ತೆರೆದು ತನ್ನ ಓರೆ ಹಲ್ಲು ತೋರಿಸಿ, "ನೋಡ್, ನಂದೂ ಬಿದ್ದಿತ್ತು, ಮನಸಿಗೆ ಬಂದಂಗ ಮತ್ತ ಹುಟ್ಟೈತಿ, ಅದರ ಪಾಡಿಗೆ ಬಿಡು" ಎಂದಳಂತೆ. ಆಮೇಲೆ ಇಬ್ಬರೂ ಹಲ್ಲನ್ನು ಸೆಗಣಿಯಲ್ಲಿಟ್ಟು ಸಾಲೆಯ ಹೆಂಚಿನ ಮೇಲೆ ಎಸೆದರಂತೆ. ಇಷ್ಟನ್ನು ಹೇಳುವುದಕ್ಕೆ ಅವಳು ಇಪ್ಪತ್ತು ನಿಮಿಷ ತೆಗೆದುಕೊಂಡಳು. ಹೆಂಚು, ಹುಡುಗಿಯ ಮೂಗಿನ ಸಿಂಬಳ, ಮೇಲೆ ಕೂತಿದ್ದ ಕಾಗೆ, ಎಲ್ಲವೂ ನನಗೆ ಕಂಡವು. ಓರೆ ಹಲ್ಲು ಯಾವ ಕಡೆಯದು ಎಂದು ಕೇಳಬೇಕೆನಿಸಿತು. ಅವಳ ಫೋಟೋದಲ್ಲಿ ಬಾಯಿ ಮುಚ್ಚಿದೆ.

ಬಸ್ಸು ಹತ್ತು ನಿಮಿಷ ತಡವಾಗಿತ್ತು. ಪರಶು ಸಿಕ್ಕಾಗ ಚಹಾ ಕುಡಿಸಿದೆ.

ಅಕ್ಟೋಬರ್ 1

ನಿನ್ನೆ ಗದಗ. ಡಾಕ್ಟರ್ ಭೂತಗನ್ನಡಿ ಹಿಡಿದು, "ಚಲೋ ಐತ್ರಿ. ಸಣ್ಣಾವು ಬಂದಾವ. ಪೂರಾ ತುಂಬೂದಿಲ್ಲ, ಮೊದಲ ಹೇಳೀನಿ. ಬಿಡದಂಗ ಹಚ್ಚರಿ" ಎಂದರು. ಸರಿ ಎಂದೆ. ಬರುವಾಗ ಅಬ್ಬಿಗೇರಿ ದಾಟಿದ ಮೇಲೆ ಬಸ್ಸಿನ ಕಿಟಕಿಯಾಚೆ ಹೊಲಗಳನ್ನು ಹಿಂಗಾರಿಗೆ ಹರಗಿ ಬಿಟ್ಟಿದ್ದರು. ಎಲ್ಲಿ ನೋಡಿದರೂ ಕರಿ ಮಣ್ಣು, ಅದರ ಮೇಲೆ ಬೆಳ್ಳಕ್ಕಿ. ಈ ನೆಲವನ್ನು ಸುವರ್ಣಾಳ ಜೊತೆ ನೋಡಿದರೆ ಅವಳು ಏನೇನು ಹೇಳುತ್ತಿದ್ದಳು ಎಂದುಕೊಳ್ಳುತ್ತ ಕೂತೆ, ರೋಣ ಬಂದದ್ದೇ ತಿಳಿಯಲಿಲ್ಲ.

ಅಕ್ಟೋಬರ್ 12, ದಸರೆ

ಊರವರ ಜೊತೆ ಬನ್ನಿ ಕೊಟ್ಟು ತೆಗೆದುಕೊಂಡು ಬಂದೆ. ಸಂಜೆ ಅವಳೇ ಫೋನ್ ಮಾಡಿ, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದಳು. "ಫೋನಿನ್ಯಾಗ ಬನ್ನಿ ಹ್ಯಾಂಗ ತಗೋಬೇಕ್ರಿ?" ಎಂದೆ. "ಕೈ ಚಾಚ್ರಿ" ಎಂದಳು. ಖಾಲಿ ಸ್ಟುಡಿಯೋದಲ್ಲಿ ಒಬ್ಬನೇ ಕೈ ಚಾಚಿ ನಿಂತೆ. ಅಂಗೈಯ ಮೇಲೆ ಎಲೆ ಬಿದ್ದದ್ದು ತಿಳಿಯಿತು. ನಗುವವರು ನಗಲಿ.

ಆಗ ಹೇಳಿಬಿಡಬೇಕಿತ್ತು. "ಸುವರ್ಣಾ ಅವರೇ" ಎಂದೂ ಎಂದೆ. "ಹೇಳ್ರಿ" ಎಂದಳು. ಕಾಯುತ್ತಿರುವ ಹಾಗೆ ಇತ್ತು ಆ ದನಿ. "ಊಟ ಆತೇನ್ರಿ?" ಎಂದೆ. ಸಂಜೆ ಐದಕ್ಕೆ!

ಹೇಳಿದರೆ ಈ ದನಿ ನಿಂತುಹೋಗುತ್ತದೆ. ಹೇಳದಿದ್ದರೆ ಡಿಸೆಂಬರಿನಲ್ಲಿ, ಎಲ್ಲರ ಮುಂದೆ, ಚಾಪೆಯ ಮೇಲೆ ಕೂತಾಗ ನಿಂತುಹೋಗುತ್ತದೆ.

ನವೆಂಬರ್ 9

ಆರನೇ ಫೋಟೋ.

ನವೆಂಬರ್ 18

ಹುಚ್ಚವ್ವ ಬಂದಿದ್ದಳು. ಕಾಯಿಪಲ್ಯ ಮಾರುವ ಮುದುಕಿ, ಎಪ್ಪತ್ತೈದರ ಮೇಲೆ. ತಾನು ಹೋದ ಮೇಲೆ ಗೋಡೆಗೆ ಹಾಕಲು ಈಗಲೇ ಒಂದು ಚಲೋ ಫೋಟೋ ಬೇಕು, ಮಕ್ಕಳನ್ನು ನಂಬಿದರೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸುತ್ತಾರೆ ಎಂದಳು. ಹಸಿರು ಇಳಕಲ್ ಸೀರೆ ಉಟ್ಟು ಕೆರೆಯ ಮುಂದೆ ಕೂತಳು. ತೆಗೆದು ತೋರಿಸಿದೆ. ಅವಳ ತುಟಿಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ, ಅದರಲ್ಲಿ ಎರಡು ಬಿಳಿ ಕೂದಲು. ಗೋಡೆಯ ಫೋಟೋ ಅಲ್ಲವೇ ಎಂದು, "ಆಯೀ, ಇದನ್ನ ತಗದ ಬಿಡ್ಲೇನ?" ಎಂದೆ.

"ಏ ಬಾಡ್ಯಾ, ಮುಟ್ಟಿಗಿಟ್ಟೀ ಮತ್ತ!" ಎಂದು ಕೈಯೆತ್ತಿದಳು. "ನಮ್ಮ ಮನ್ಯಾಂವಾ ಹೋಗಿ ಮೂವತ್ತು ವರ್ಷ ಆತು. ಮುಖ ಸುಕ್ಕಾತು, ಹಲ್ಲ ಹೋದುವು. ಅಲ್ಲಿ ಹ್ವಾದಮ್ಯಾಲ ಅಂವಾ ನನ್ನ ಯಾತರಾಗ ಗುರ್ತ ಹಿಡೀಬೇಕು? ಈ ಮಚ್ಚಿ ಒಂದ ಉಳದೈತಿ."

ಅಪ್ಪ ಬಾಗಿಲಲ್ಲಿ ಕೂತು ಪೇಪರ್ ಮಡಚಿದ. ನನ್ನ ಕಡೆ ನೋಡಲೂ ಇಲ್ಲ. ಅವಳು ಹೋದ ಮೇಲೆ ನನಗೆ ಯಾಕೋ ಅಳು ಬಂತು. ಒಳಗೆ ಹೋಗಿ ಪರದೆಗೆ ಮುಖ ಮಾಡಿ ಅತ್ತೆ.

ನವೆಂಬರ್ 19

ಕಳಿಸಿದೆ. ಆರೂ ಫೋಟೋ, ಜೂನಿನಿಂದ ನವೆಂಬರಿನ ತನಕ, ಒಂದರ ಕೆಳಗೊಂದು. ಕೆಳಗೆ ಬರೆದೆ: "ನನ್ನ ತಲೆ ಇದು. ನಿಮ್ಮ ಮನೆಗೆ ಬಂದ ಫೋಟೋದಲ್ಲಿದ್ದ ಕೂದಲು ಪರಶುನದು, ನಾನೇ ಅಂಟಿಸಿದ್ದು. ನಿಮಗೆ ಸುಳ್ಳು ಹೇಳಿದೆ. ರೋಣದ ನೀರಿನ ತಪ್ಪಿಲ್ಲ."

ಐದು ಹತ್ತಕ್ಕೆ ನೋಡಿದ್ದಾಳೆ, ನೀಲಿ ಗುರುತು ಬಂತು. ಉತ್ತರ ಬಂದಿಲ್ಲ.

ನವೆಂಬರ್ 20

ಇಲ್ಲ.

ನವೆಂಬರ್ 22

ಇಲ್ಲ. ಪರಶುನನ್ನು ಕೇಳಿದೆ. ದಿನಾ ಬಸ್ಸು ಹತ್ತುತ್ತಾಳಂತೆ, ಕಿಟಕಿಯ ಹತ್ತಿರ ಕೂತು ಫೋನ್ ನೋಡುತ್ತಾಳಂತೆ, ಮಾತಾಡುವುದಿಲ್ಲವಂತೆ. ಮಧ್ಯಾಹ್ನ ಪರದೆಯ ಮುಂದೆ ಕೂತರೆ ಕೆರೆ ಬರೀ ಬಣ್ಣದ ಬಟ್ಟೆ. ಮನೆಯಲ್ಲಿ ಅವ್ವ ಹುಗ್ಗಿ ಮಾಡಿದ್ದಳು, ಸೇರಲಿಲ್ಲ.

ನವೆಂಬರ್ 23, ಶನಿವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಮಧ್ಯಾಹ್ನ ಒಂದರ ಹೊತ್ತಿಗೆ ಪರಶು ಬಾಗಿಲಲ್ಲಿ ನಿಂತು, "ಭೀಮ್ಯಾ, ಗಿರಾಕಿ ಬಂದಾರ ನೋಡ್" ಎಂದು ಕೂಗಿ ಹೋದ. ಹಿಂದೆ ನೀಲಿ ಸೀರೆಯ ಒಬ್ಬಳು ಒಳಗೆ ಬಂದಳು. ನಾನು ಸ್ಟೂಲು ಒರೆಸುತ್ತಿದ್ದೆ. ತಲೆಯ ಮೇಲೆ ಏನೂ ಇರಲಿಲ್ಲ.

"ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ತಗೀಬೇಕಿತ್ರಿ" ಎಂದಳು. ದನಿ ಕೇಳಿದ್ದೇ ನನ್ನ ಕೈಯಿಂದ ಬಟ್ಟೆ ಬಿತ್ತು. ಅಪ್ಪ ಎದ್ದು, ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋದ.

"ಸಿಟ್ಟಾಗೀರೇನ್ರಿ?" ಎಂದೆ.

"ಆಗೇನ್ರಿ. ಮೂರು ದಿನಾ ಮಾತ ಬರಲಿಲ್ಲ, ಅಷ್ಟು ಸಿಟ್ಟು, ಹೇಳಾಕ ಇಷ್ಟು ದಿನಾ ಬೇಕಾತೇನು ಅಂತ. ಫೋಟೋ ನಮ್ಮ ಮನಿಗೆ ಬಂದ ದಿನಾನ ಗೊತ್ತಾಗಿತ್ತು ನನಗ. ಆ ಕೂದಲಾ ದಿನಾ ಬಸ್ಸಿನ್ಯಾಗ ನೋಡ್ತೀನಿ, ಗುರ್ತ ಸಿಗೂದಿಲ್ಲೇನ್ರಿ? ಅಪ್ಪಗ ಹೇಳಿ ಅವತ್ತ ಬ್ಯಾಡ ಅನ್ನಬೇಕು ಅಂದಿದ್ದೆ. ಮತ್ತ, ಇಂಥಾ ಕೆಲಸಾ ಮಾಡಿದಾಂವಾ ಹ್ಯಾಂಗರೆ ಇರಬೇಕು, ಮಾತಾಡಿ ನೋಡೂಣು ಅಂತ ಫೋನ್ ಮಾಡಿದೆ." ಕೈಚೀಲವನ್ನು ಟೇಬಲ್ ಮೇಲಿಟ್ಟಳು. "ಆಮ್ಯಾಲ ನೀವ ಹೇಳ್ಲಿ ಅಂತ ಕಾದೆ. ಪಂಚಮಿಗೆ ದಾರಿ ಮಾಡಿ ಕೊಟ್ಟೆ, ರೋಣದ ನೀರು ಅಂದ್ರಿ. ದಸರಾಕ್ಕ ಕಾದೆ, ಊಟ ಆತೇನು ಅಂದ್ರಿ. ನೋಡಾಕ ಬರೂ ದಿನದ ತನಕಾ ಹೇಳದಿದ್ರ, ಚಹಾದ ತಾಟು ನಿಮ್ಮ ಮುಂದ ಇಟ್ಟು ಬ್ಯಾಡ ಅಂತ ಹೇಳಾಕಿದ್ದೆ."

ತಪ್ಪಾಯಿತು ಎಂದೆ. ಎರಡು ಸಲ ಅದನ್ನೇ ಅಂದೆ.

ಅವಳು ಫೋನ್ ತೆಗೆದು ನನ್ನ ಆರು ಫೋಟೋಗಳನ್ನು ನನಗೇ ತೋರಿಸಿದಳು. "ಇವನ್ನ ಎಷ್ಟು ಸರ್ತಿ ನೋಡೀನೋ. ಕೂದಲಾ ಬಂದಾವೋ ಇಲ್ಲೋ ನನಗೇನ್ ತಿಳೀವಲ್ದು. ಇಲ್ನೋಡ್ರಿ, ಮೊದಲನೇದರಾಗ ಹೆಗಲಾ ಕಿವೀ ತನಕಾ ಎತ್ತೀರಿ, ಯಾರೋ ಹೊಡ್ಯಾಕ ಬಂದಂಗ. ನಾಕನೇದರಾಗ ಇಳಿದಾವ. ಕಡೀದರಾಗ, ನೋಡ್ರಿ, ಕುತಗಿ ನೆಟ್ಟಗ ಐತಿ. ಇದು ಯಾ ಔಷಧಿಗೆ ಆತ್ರಿ?"

ನೋಡಿದೆ. ಖರೇ ಇತ್ತು. ಅದೇ ಸ್ಟೂಲು, ಅದೇ ಬೆಳಕು. ನಾನು ನೆತ್ತಿಯನ್ನಷ್ಟೇ ನೋಡುತ್ತಿದ್ದೆ.

ಆಮೇಲೆ ಅವಳು ಸುಣ್ಣದ ಗುರುತಿನ ಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಹಿಂದಿನ ಬಿಳಿ ಬಟ್ಟೆ ಎಳೆಯಲು ಹೋದೆ. "ಬ್ಯಾಡ್ರಿ, ಕೆರೀನ ಇರ್ಲಿ" ಎಂದಳು. ಪಾಸ್‌ಪೋರ್ಟ್ ಫೋಟೋಕ್ಕೆ ನಡೆಯುವುದಿಲ್ಲ ಎಂದೆ. "ಪಾಸ್‌ಪೋರ್ಟ್ ಯಾರಿಗೆ ಬೇಕಾಗೈತ್ರಿ?" ಎಂದು ನಕ್ಕಳು. ನಗು ಮುಗಿಯಿತು ಎನ್ನುವಾಗ ಇನ್ನೊಂದು ಚೂರು ಬಂತು, ಅದರಲ್ಲೇ ಗುಂಡಿ ಒತ್ತಿದೆ. ಓರೆ ಹಲ್ಲು ಬಲಗಡೆಯದು. ಬಾಗಿಲಿನ ಬಿಸಿಲು ಅಷ್ಟೊತ್ತಿಗೆ ಪರದೆಯ ಮೇಲೆ ಬಂದಿತ್ತು, ನೀರು ಅಲುಗುತ್ತಿತ್ತು.

ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: "ಎಂಟನೇ ತಾರೀಕು ಐತವಾರ ಬರ್ರಿ. ಅಪ್ಪಗ ನಾ ಎಲ್ಲಾ ಹೇಳೀನಿ, ಭಾಳ ನಕ್ಕಾರ. ಟೊಪಗಿ ಹಾಕ್ಕೊಂಡು ಬರಬ್ಯಾಡ್ರಿ. ಮತ್ತ ನನ್ನ ಫೋಟೋ ತಿದ್ದಬ್ಯಾಡ್ರಿ."

ಡಿಸೆಂಬರ್ 3

ಇವತ್ತಿಗೆ ಆರು ತಿಂಗಳು. ಗದಗಿಗೆ ಹೋಗಬೇಕಿತ್ತು, ಮರೆತೆ. ಔಷಧಿ ಮಾತ್ರ ಹಚ್ಚಿಕೊಂಡಿದ್ದೇನೆ.

ಮಧ್ಯಾಹ್ನ ಸುವರ್ಣಾಳ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕೂತೆ. ಗಲ್ಲದ ಮೇಲೆ ಒಂದು ಮೊಡವೆ ಇದೆ, ಕೆಂಪಗೆ, ಆಗಷ್ಟೇ ಎದ್ದದ್ದು. ರೂಢಿಬಲ, ಕೈ ತಾನೇ ಅಲ್ಲಿಗೆ ಹೋಯಿತು. ಹದಿನೈದು ದಿನದಲ್ಲಿ ತಾನೇ ಹೋಗುವಂಥದ್ದು. ಅಪ್ಪನ ನಿಯಮದಂತೆ ತೆಗೆಯಬಹುದಿತ್ತು. ಈಗಾಗಲೇ ಹೋಗಿಯೂ ಇರಬಹುದು.

ತೆಗೆಯಲಿಲ್ಲ. ಹಾಗೆಯೇ ಪ್ರಿಂಟ್ ಹಾಕಿದೆ.